ಬುತ್ತಿ ಮತ್ತು ತಲಾಶಿ

ಸುಮಾರು ಹದಿನೈದು ವರ್ಷಗಳ ಹಿಂದೆ ನಾನೊಂದು ಕತೆ ಬರೆದಿದ್ದೆ. ಮಾಲ್ ಒಂದರ ಬಾಗಿಲಲ್ಲಿ ಮುಸ್ಲಿಂ ಹುಡುಗನೊಬ್ಬನ ಚೀಲವನ್ನು ಕಾವಲುಗಾರ ಕೆದಕುತ್ತಾನೆ, ಹುಡುಗ ತಲೆ ತಗ್ಗಿಸಿ ನಿಲ್ಲುತ್ತಾನೆ, ಕತೆ ಅವನ ಕಣ್ಣೀರಿನಲ್ಲಿ ಮುಗಿಯುತ್ತದೆ. ಕೆಲವರು ಮೆಚ್ಚಿದರು. ಒಬ್ಬರಂತೂ ಫೋನ್ ಮಾಡಿ ತಾವೂ ಅತ್ತೆನೆಂದರು. ಮೊನ್ನೆ ಹಳೆಯ ಕಾಗದಗಳ ನಡುವೆ ಸಿಕ್ಕಿದ ಆ ಕತೆಯನ್ನು ಮತ್ತೆ ಓದಿದಾಗ ಒಂದು ಸಂಗತಿ ಕಣ್ಣಿಗೆ ಬಿದ್ದು ನಾಚಿಕೆಯಾಯಿತು. ಆ ಚೀಲದೊಳಗೆ ಏನಿತ್ತು ಎಂದು ನಾನು ಎಲ್ಲಿಯೂ ಬರೆದಿರಲಿಲ್ಲ. ಕಾವಲುಗಾರ ಅದರಲ್ಲಿ ಬಾಂಬನ್ನು ಹುಡುಕುತ್ತಿದ್ದ, ಕತೆಗಾರನಾದ ನಾನು ಅವಮಾನವನ್ನು ಹುಡುಕುತ್ತಿದ್ದೆ. ಅದರಲ್ಲಿ ನಿಜವಾಗಿ ಇದ್ದದ್ದೇನು ಎಂಬ ಕುತೂಹಲ ಇಬ್ಬರಿಗೂ ಇರಲಿಲ್ಲ.

ಕತೆಯನ್ನು ಹುಡುಕಿ ತೆಗೆಯುವಂತೆ ಮಾಡಿದ್ದು ಈದಿನ ಮೂರನೆಯ ದಿನದ ಒಂದು ಪ್ರವಾಸ. ನಂಜನಗೂಡಿನಿಂದ ನಮ್ಮ ಮನೆಯವರು, ತಿ. ನರಸೀಪುರದಿಂದ ನನ್ನ ಹೆಂಡತಿಯ ತವರಿನವರು, ಎಲ್ಲ ಸೇರಿ ಹದಿನಾಲ್ಕು ಜನ ಒಂದು ಟೆಂಪೊ ಟ್ರಾವೆಲರ್ ಮಾಡಿಕೊಂಡು ವಾಟರ್ ಪಾರ್ಕ್ ನೋಡಲು ಹೊರಟೆವು. ಯಾವ ಪಾರ್ಕು ಎಂಬುದು ಬೇಡ, ಈ ವಿಷಯದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ನನ್ನ ಅತ್ತೆ, ಅಂದರೆ ಮಕ್ಕಳ ನಾನಿ, ಹಿಂದಿನ ರಾತ್ರಿಯೇ ಕೂತು ಪರಾಠ, ಖೀಮಾ, ಮೊಟ್ಟೆ ಮಾಡಿ ಮೂರು ಅಂತಸ್ತಿನ ತೋಶಾದಾನಿನಲ್ಲಿ ತುಂಬಿದ್ದರು. ಅವರ ಮಟ್ಟಿಗೆ ಪ್ರಯಾಣವೆಂದರೆ ಮೊದಲು ತೋಶಾ, ಆಮೇಲೆ ದಾರಿ. ಕನ್ನಡದಲ್ಲಿ ಇದನ್ನೇ ಬುತ್ತಿ ಎನ್ನುತ್ತೇವೆ. ಎರಡು ಭಾಷೆಯಲ್ಲಿ ಕಲಿತವನಿಗೆ ಕೆಲವು ಪದಗಳು ಜೋಡಿಯಾಗಿಯೇ ನೆನಪಾಗುತ್ತವೆ. ಆದರೆ ಉರ್ದುವಿನ ಇನ್ನೊಂದು ಜೋಡಿ ನನ್ನನ್ನು ಯಾವಾಗಲೂ ಕಾಡಿದೆ: ತಲಾಶ್ ಎಂದರೆ ಹುಡುಕಾಟ, ಕವಿಗಳೂ ಸೂಫಿಗಳೂ ಮಾಡುವಂಥದ್ದು. ಅದರ ಕೊನೆಗೆ ಒಂದು ಈಕಾರ ಸೇರಿಸಿದರೆ ತಲಾಶಿ, ಪೊಲೀಸರು ಮಾಡುವಂಥದ್ದು.

ಪಾರ್ಕಿನ ಬಾಗಿಲಲ್ಲಿ ಗಂಡಸರಿಗೊಂದು ಸಾಲು, ಹೆಂಗಸರಿಗೊಂದು ಸಾಲು. ಸಾಲಿನ ಕೊನೆಗೆ ಒಂದು ಉದ್ದನೆಯ ಮೇಜು. ನಮ್ಮ ತೋಶಾದಾನು ಮೇಜಿನ ಮೇಲೆ ಬಂತು. ಕಾವಲಿನ ಹುಡುಗ ಮುಚ್ಚಳ ತೆಗೆದ, ಮೂಸಿದ. ನನ್ನೊಳಗಿನ ಕತೆಗಾರ ಆಗಲೇ ಪೆನ್ನು ತೆಗೆದು ಸಿದ್ಧನಾಗಿದ್ದ. "ಊಟ ಒಳಿಕ್ ಬುಡಕ್ಕಿಲ್ಲ ಕಣಜ್ಜಿ" ಎಂದ ಹುಡುಗ. ಮಾತಿನಲ್ಲಿ ಒರಟುತನವಿರಲಿಲ್ಲ. ನಾನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿಂದು ಮಾತ್ರೆ ನುಂಗಬೇಕು. "ಮಾತ್ರೆ ತಗೊಂಡೋಗಿ, ರೊಟ್ಟಿ ಬ್ಯಾಡಿ" ಎಂಬುದು ಅವನ ಉತ್ತರ. ಅಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಇನ್ನೊಬ್ಬ ಅಜ್ಜಿ, ಹಣೆಯಲ್ಲಿ ವಿಭೂತಿ, ಬಟ್ಟೆಗಂಟಿನಿಂದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತೆಗೆದಿಟ್ಟು ಜಗಳವಾಡುತ್ತಿದ್ದರು. ಅವರದನ್ನೂ ಒಳಗೆ ಬಿಡಲಿಲ್ಲ. ನಾನು ಬರೆಯಬೇಕೆಂದಿದ್ದ ಕತೆ ಅಲ್ಲಿಗೆ ಕೆಟ್ಟಿತು.

ಆ ಮೇಜಿನ ಮೇಲೆ ಅಂದು ನಾನು ಒಂದು ಗಂಟೆ ಕಣ್ಣಿಟ್ಟೆ. ಸಿಕ್ಕಿದ್ದೇನು? ಚಿತ್ರಾನ್ನ, ಬಿಸ್ಕತ್ತು, ಕೋಡುಬಳೆ, ನೀರಿನ ಬಾಟಲಿಗಳು, ಯಾರದೋ ಮನೆಯ ಕೋಳಿಸಾರು. ಹುಡುಗರ ಕೈಗಳು ಚೀಲದ ತಳ ಮುಟ್ಟುತ್ತಿರಲಿಲ್ಲ, ಡಬ್ಬಿ ಸಿಕ್ಕ ಕೂಡಲೇ ನಿಲ್ಲುತ್ತಿದ್ದವು. ಡಬ್ಬಿಯ ಕೆಳಗೆ ಏನಿದ್ದರೂ ಒಳಗೆ ಹೋಗುತ್ತಿತ್ತು. ಭದ್ರತೆ ಎಂದು ಬರೆದ ಬೋರ್ಡಿನ ಕೆಳಗೆ ನಡೆಯುತ್ತಿದ್ದದ್ದು ಒಳಗಿನ ಹೋಟೆಲಿನ ಗಲ್ಲಾಪೆಟ್ಟಿಗೆಯ ಕಾವಲು.

ವ್ಯಾಪಾರಿಗೆ ತನ್ನ ವ್ಯಾಪಾರದ ಹಕ್ಕು ಇರಬಹುದು. 2023ರ ಜನವರಿ 3ರಂದು ಸುಪ್ರೀಂ ಕೋರ್ಟ್, ಚಿತ್ರಮಂದಿರದ ಮಾಲೀಕರು ಹೊರಗಿನ ತಿಂಡಿಯನ್ನು ತಡೆಯಬಹುದೆಂದು ಹೇಳಿ, ಜಮ್ಮು ಮತ್ತು ಕಾಶ್ಮೀರ ಹೈಕೋರ್ಟ್ 2018ರಲ್ಲಿ ಕೊಟ್ಟಿದ್ದ ಆದೇಶವನ್ನು ತಳ್ಳಿಹಾಕಿತು. ವಿಚಾರಣೆಯ ವೇಳೆ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರು ಜಿಲೇಬಿಯ ಉದಾಹರಣೆ ಕೊಟ್ಟದ್ದು ಪತ್ರಿಕೆಗಳಲ್ಲಿ ಬಂದಿತ್ತು: ತಂದ ಜಿಲೇಬಿ ತಿಂದು ಅಂಟುಗೈಯನ್ನು ಸೀಟಿಗೆ ಒರೆಸಿದರೆ ತೊಳೆಯುವ ಖರ್ಚು ಯಾರದು ಎಂದು. ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು, ಕೂಸುಗಳ ಆಹಾರವನ್ನು ತಡೆಯಬಾರದು ಎಂಬ ಮಾತೂ ಅದೇ ಪ್ರಕರಣದಲ್ಲಿದೆ. ಆ ತೀರ್ಪು ಚಿತ್ರಮಂದಿರಗಳ ಕುರಿತದ್ದು. ಸಿನಿಮಾ ಮೂರು ಗಂಟೆಯಲ್ಲಿ ಮುಗಿಯುತ್ತದೆ, ವಾಟರ್ ಪಾರ್ಕು ಇಡೀ ದಿನದ ವಹಿವಾಟು. ನೀರಿನಲ್ಲಿ ಆಡಿದ ಮಕ್ಕಳ ಹಸಿವು ಎಂಥದೆಂದು ತಾಯಂದಿರನ್ನು ಕೇಳಬೇಕು. ನಮ್ಮಂಥವರಿಗೆ ಇನ್ನೂ ಒಂದು ತೊಡಕು. ಒಳಗಿನ ಮಾಂಸ ಹಲಾಲೋ ಅಲ್ಲವೋ ಎಂದು ಕೌಂಟರಿನಲ್ಲಿ ಕೇಳುವುದು, 2022ರ ಯುಗಾದಿ ಹೊಸತೊಡಕಿನ ಗದ್ದಲದ ನಂತರ, ಸಣ್ಣ ಧೈರ್ಯದ ಕೆಲಸವೇನಲ್ಲ. ಕೇಳದೆ ಮೊಸರನ್ನ ತಿಂದು ಬರುತ್ತೇವೆ. ಆ ವಿಭೂತಿಯ ಅಜ್ಜಿಗೂ ಒಳಗಿನ ಅಡುಗೆಮನೆಯ ಮೇಲೆ ನಂಬಿಕೆಯಿರಲಿಲ್ಲ. ಬುತ್ತಿ ಕಟ್ಟುವುದು ದುಡ್ಡು ಉಳಿಸುವ ಉಪಾಯ ಮಾತ್ರವಲ್ಲ, ತನ್ನ ಕಟ್ಟುಪಾಡು ಬಿಡದೆ ಊರು ಸುತ್ತುವ ದಾರಿ.

ಬಾಂಬಿನ ಭಯ ಸುಳ್ಳೆಂದು ನಾನು ಹೇಳುತ್ತಿಲ್ಲ. 2008ರ ಜುಲೈ 25ರ ಬೆಂಗಳೂರು ಸರಣಿ ಸ್ಫೋಟ ಮತ್ತು ಅದೇ ವರ್ಷ ನವೆಂಬರಿನ ಮುಂಬೈ ದಾಳಿಯ ನಂತರ ನಮ್ಮ ಮಾಲುಗಳ ಬಾಗಿಲುಗಳು ಬದಲಾದವು. 2016ರ ಆಗಸ್ಟ್ 1ರಂದು ಮೈಸೂರಿನ ನ್ಯಾಯಾಲಯದ ಆವರಣದ ಶೌಚಾಲಯದಲ್ಲೇ ಸ್ಫೋಟವಾಯಿತು. ಆ ಪ್ರಕರಣದಲ್ಲಿ 2021ರಲ್ಲಿ ಮೂವರಿಗೆ ಶಿಕ್ಷೆಯಾಗಿದೆ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸಿಡಿದದ್ದು ಯಾರೋ ಬಿಟ್ಟುಹೋದ ಒಂದು ಚೀಲವೇ. ಹೀಗಿರುವಾಗ ಚೀಲ ನೋಡಬೇಡಿ ಎನ್ನಲು ಯಾವ ಮುಖವಿದೆ? ನೋಡಬೇಕು. ಚೆನ್ನಾಗಿಯೇ ನೋಡಬೇಕು. ತಳದವರೆಗೆ ನೋಡಬೇಕು.

ಈ ಥೀಮ್ ಪಾರ್ಕುಗಳ ಮೂಲಮನೆಯಾದ ಅಮೆರಿಕದ ಡಿಸ್ನಿ ಉದ್ಯಾನಗಳಲ್ಲಿ 2001ರ ಸೆಪ್ಟೆಂಬರ್ ದಾಳಿಯ ನಂತರ ಚೀಲಗಳನ್ನು ತೆಗೆದು ನೋಡುವುದು ಶುರುವಾಯಿತು, 2015ರ ಡಿಸೆಂಬರಿನಲ್ಲಿ ಲೋಹಶೋಧಕಗಳೂ ಬಂದವು. ಆದರೆ ಅಲ್ಲಿಗೆ ನೀವು ಮನೆಯ ಊಟ ಒಯ್ಯಬಹುದು. ಗಾಜಿನ ಪಾತ್ರೆ ಬೇಡ, ಮದ್ಯ ಬೇಡ, ಅಷ್ಟೇ. ಜಗತ್ತಿನಲ್ಲೇ ದುಬಾರಿ ತಿನಿಸು ಮಾರುವ ಜಾಗಗಳಲ್ಲಿ ಅದೂ ಒಂದು, ಆದರೂ ಬಾಂಬು ಬೇರೆ ಬನ್ನು ಬೇರೆ ಎಂಬುದು ಅಲ್ಲಿನವರಿಗೆ ತಿಳಿದಿದೆ. ನಾವು ಅಲ್ಲಿಂದ ಜಾರುಬಂಡೆಯನ್ನು ತಂದೆವು, ಲೋಹಶೋಧಕವನ್ನು ತಂದೆವು, ಈ ಒಂದು ವಿವೇಕವನ್ನು ಮಾತ್ರ ಅಲ್ಲೇ ಬಿಟ್ಟು ಬಂದೆವು. ದೂರ ಯಾಕೆ, ಮೈಸೂರಿನ ಮೃಗಾಲಯದಲ್ಲೂ ಪ್ಲಾಸ್ಟಿಕ್ಕಿಗಾಗಿ ಚೀಲ ನೋಡುತ್ತಾರೆ. ಯಾರೂ ಮುನಿಸಿಕೊಳ್ಳುವುದಿಲ್ಲ. ಜಿಂಕೆ ಪ್ಲಾಸ್ಟಿಕ್ ತಿಂದು ಸಾಯುತ್ತದೆಂದು ಮೂರನೇ ಕ್ಲಾಸಿನ ಹುಡುಗಿಗೂ ಗೊತ್ತು. ನಿಯಮಕ್ಕೆ ಕಾರಣ ಕಣ್ಣೆದುರಿಗಿದ್ದರೆ ಜನ ತಾವಾಗಿಯೇ ಚೀಲ ಬಿಚ್ಚುತ್ತಾರೆ.

ಇನ್ನು ಆ ದಿನದ ಬಾಕಿ ಕತೆ. ನನ್ನ ಅಕ್ಕನ ಮಗ ನಮ್ಮ ಜೊತೆಗಿದ್ದ. ಇಪ್ಪತ್ತೆರಡರ ಹುಡುಗ, ತೆಳುವಾಗಿ ಗಡ್ಡ ಬಿಟ್ಟಿದ್ದಾನೆ. ಅವನ ಮುಂದಿದ್ದವನ ಚೀಲವನ್ನು ಒಂದು ಸಲ ನೋಡಿ ಕಳಿಸಿದರು. ಇವನದನ್ನು ನೋಡಿ, ಇವನು ನಾಲ್ಕು ಹೆಜ್ಜೆ ಹೋದ ಮೇಲೆ ಕರೆದು, ಮೇಜಿನ ಮೇಲೆ ಪೂರಾ ಬೋರಲು ಹಾಕಿ ಮತ್ತೆ ನೋಡಿದರು. ಅವನ ಹಿಂದಿನವನದು ಮತ್ತೆ ಒಂದೇ ಸಲ. ಬೋರಲು ಹಾಕಿದ್ದರಲ್ಲಿ ಬಿದ್ದದ್ದು ಒಂದು ಟವೆಲು, ಒಂದು ಜೊತೆ ಬಟ್ಟೆ, ಫೋನಿನ ಚಾರ್ಜರು, ತಲೆಗೆ ಹಚ್ಚುವ ಎಣ್ಣೆಯ ಸಣ್ಣ ಶೀಶೆ. ಆಧಾರ್ ಕಾರ್ಡನ್ನೂ ಕೇಳಿದರು. ಸಾಲಿನಲ್ಲಿ ಇನ್ಯಾರಿಗೂ ಕೇಳಿದ್ದನ್ನು ನಾನು ನೋಡಲಿಲ್ಲ.

ಮೇಲ್ವಿಚಾರಕರ ಬಳಿ ಹೋಗಿ, ಇವನೊಬ್ಬನಿಗೆ ಯಾಕೆ ಎರಡು ಸಲ ಎಂದು ಕೇಳಿದೆ. ಅವರು ಬಲು ಮರ್ಯಾದೆಯಿಂದ ಗೋಡೆಯ ಮೇಲಿನ ಬೋರ್ಡನ್ನು ತೋರಿಸಿದರು. ಹೊರಗಿನ ಆಹಾರಕ್ಕೆ ಪ್ರವೇಶವಿಲ್ಲ ಎಂಬ ಬೋರ್ಡು. "ಎಲ್ಲರಿಗೂ ಒಂದೇ ರೂಲ್ಸ್ ಸಾರ್. ಆ ಅಜ್ಜಿದೂ ಬಿಟ್ಟಿಲ್ಲ ನೋಡಿ" ಎಂದರು. ನಾನು ಕೇಳಿದ್ದು ಹುಡುಗನ ವಿಷಯ, ಅವರು ಉತ್ತರ ಕೊಟ್ಟದ್ದು ರೊಟ್ಟಿಯ ವಿಷಯ. ಮತ್ತು ರೊಟ್ಟಿಯ ವಿಷಯದಲ್ಲಿ ಅವರು ಹೇಳಿದ್ದು ನಿಜ.

ನನ್ನ ತಕರಾರು ಇರುವುದು ಇಲ್ಲಿ. ಒಂದೇ ಮೇಜಿನ ಮೇಲೆ ಎರಡು ಕೆಲಸ ನಡೆಸಿದರೆ, ಎಲ್ಲರಿಗೂ ಸಮಾನವಾದ ಕಿರುಕುಳದ ಮರೆಯಲ್ಲಿ ಕೆಲವರಿಗೆ ಮಾತ್ರ ಮೀಸಲಾದ ಕಿರುಕುಳ ಅಡಗಿಕೊಳ್ಳುತ್ತದೆ. ಅಜ್ಜಿಯ ರಾಗಿರೊಟ್ಟಿ ನನ್ನ ಸೋದರಳಿಯನ ವಿರುದ್ಧ ಸಾಕ್ಷಿಯಾಗುತ್ತದೆ. ನಾವೂ ಇದಕ್ಕೆ ಸಹಾಯ ಮಾಡಿದ್ದೇವೆ. ತೋಶಾದಾನು ತಡೆದದ್ದನ್ನೂ ಚೀಲ ಬೋರಲು ಹಾಕಿದ್ದನ್ನೂ ಒಂದೇ ಉಸಿರಿನಲ್ಲಿ ಅನ್ಯಾಯವೆಂದು ಕೂಗುತ್ತೇವೆ. ಮೊದಲನೆಯದು ಸುಳ್ಳೆಂದು ಸಾಬೀತಾದ ಕೂಡಲೇ ಎರಡನೆಯದೂ ಬಿದ್ದುಹೋಗುತ್ತದೆ. ನನ್ನ ಹಳೆಯ ಕತೆ ಮಾಡಿದ್ದೂ ಇದನ್ನೇ. ಒಂದು ಸಲ, ಎರಡು ಸಲ ಎಂಬ ಲೆಕ್ಕ ಅದರಲ್ಲಿರಲಿಲ್ಲ. ತಿ. ನರಸೀಪುರದ ಗುಂಜಾ ನರಸಿಂಹನ ಸನ್ನಿಧಿಯ ಬಗ್ಗೆ ಒಂದು ಮಾತಿದೆ, ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು. ಗುಲಗಂಜಿಯಷ್ಟು ವ್ಯತ್ಯಾಸಕ್ಕೆ ಎಷ್ಟು ಬೆಲೆಯಿದೆಯೆಂದು ಆ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಡ್ಡ ನೋಡಿ ಚೀಲ ಬೋರಲು ಹಾಕಿದರೆ ಭದ್ರತೆಯಾದರೂ ಹೆಚ್ಚುತ್ತದೆಯೆ? 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋದೊಳಗೆ ಕುಕ್ಕರ್ ಸ್ಫೋಟವಾಯಿತಲ್ಲ, ಅದರ ಆರೋಪಿ ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ. ಹಿಡಿದದ್ದು ಬೇರೊಬ್ಬರ, ಒಬ್ಬ ಹಿಂದೂವಿನ, ಆಧಾರ್ ಕಾರ್ಡು ತೋರಿಸಿ ಎಂದು ಪೊಲೀಸರೇ ಹೇಳಿದರು. ಕೇಡು ಮಾಡಬೇಕೆಂದು ಹೊರಟವನು ಗಡ್ಡ ಬೋಳಿಸಿಕೊಂಡು, ಹೆಸರು ಬದಲಿಸಿಕೊಂಡು ಬರುತ್ತಾನೆ. ಹೆಸರೂ ಗಡ್ಡವೂ ಇದ್ದಂತೆಯೇ ಇರುವವನು ನೀರಿನಲ್ಲಿ ಆಡಲು ಬಂದವನು. ಮುಖ ನೋಡಿ ಕೆಲಸ ಮಾಡುವ ಕಾವಲುಗಾರ ಇವನ ಟವೆಲನ್ನು ಕೊಡವುತ್ತಿರುವಾಗ ಅವನು ಪಕ್ಕದ ಸಾಲಿನಲ್ಲಿ ಒಳಗೆ ಹೋಗಿರುತ್ತಾನೆ.

ಹುಡುಗನಿಗೆ ತಪಾಸಣೆ ಹೊಸದಲ್ಲ. ಅವನು ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಟ್ರೈನಿ. ಗೇಟಿನಲ್ಲಿ ದಿನಕ್ಕೆರಡು ಸಲ ಚೀಲ ತೋರಿಸುತ್ತಾನೆ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. "ಅಲ್ಲಿ ನಂಗೇನೂ ಅನ್ಸಲ್ಲ ಮಾಮು. ಮ್ಯಾನೇಜರ್ ಕಾರಿನ ಡಿಕ್ಕೀನೂ ತೆಗ್ಸಿ ನೋಡ್ತಾರೆ" ಎಂದ. ಸಭ್ಯ ತಪಾಸಣೆಯ ಬಗ್ಗೆ ನಾನು ಕೇಳಿದ ಅತ್ಯುತ್ತಮ ವ್ಯಾಖ್ಯಾನ ಇದು. ಕಾನೂನೂ ಈ ದಿಕ್ಕಿನಲ್ಲಿ ಪೂರ್ತಿ ಮೂಕವಾಗಿಲ್ಲ. ಖಾಸಗಿ ಕಾವಲುಗಾರರಿಗಾಗಿ 2005ರ ಕಾಯ್ದೆಯಿದೆ. ಅವರಿಗೆ ತರಬೇತಿ ಇರಬೇಕು, ಅವರು ಪೊಲೀಸರಂತೆ ಕಾಣುವ ಉಡುಪು ತೊಡುವಂತಿಲ್ಲ. ಬಂಧಿತ ಮಹಿಳೆಯ ಮೈ ತಪಾಸಣೆಯನ್ನು ಮಹಿಳೆಯೇ ಸಭ್ಯತೆಯಿಂದ ಮಾಡಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯೂ ಹೇಳುತ್ತಿತ್ತು, 2024ರ ಜುಲೈಯಿಂದ ಬಂದ ಹೊಸ ಸಂಹಿತೆಯೂ ಹೇಳುತ್ತದೆ. ಆರೋಪಿಗೇ ಇಷ್ಟು ಮರ್ಯಾದೆ ಸಲ್ಲುವುದಾದರೆ ಟಿಕೆಟು ಕೊಂಡವರಿಗೆ ಇನ್ನಷ್ಟು ಸಲ್ಲಬೇಡವೆ? ಅಂದು ನನ್ನ ಹೆಂಡತಿಯನ್ನು ಪರದೆಯ ಹಿಂದೆ ಕರೆದು ನೋಡಿದ ಹೆಣ್ಣುಮಗಳು "ಬೇಜಾರ್ ಮಾಡ್ಕೋಬೇಡಿ ಅಕ್ಕ" ಎಂದಳಂತೆ. ಅದನ್ನೂ ಇಲ್ಲಿ ಬರೆಯದಿದ್ದರೆ ನಾನು ಮತ್ತೆ ಹಳೆಯ ಕತೆಯನ್ನೇ ಬರೆದಂತಾಗುತ್ತದೆ.

ನಮ್ಮ ಊರುಗಳಲ್ಲಿ ಜನಜಂಗುಳಿ ಅಪರೂಪವೇನಲ್ಲ. ನಂಜನಗೂಡಿನ ದೊಡ್ಡ ಜಾತ್ರೆಗೆ ಐದು ತೇರುಗಳ ಹಿಂದೆ ಲಕ್ಷಾಂತರ ಜನ ಬರುತ್ತಾರೆ. ತಿ. ನರಸೀಪುರದ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆದು ಬಂದಿದೆ, 2025ರ ಫೆಬ್ರವರಿ 10ರಿಂದ 12ರವರೆಗೂ ನಡೆಯಿತು. ಪೊಲೀಸರಿರುತ್ತಾರೆ, ಕ್ಯಾಮೆರಾಗಳಿರುತ್ತವೆ, ಇರಬೇಕು. ಆದರೆ ಕಪಿಲೆಯ ಸೋಪಾನದಲ್ಲಿ ಬುತ್ತಿ ಬಿಚ್ಚುವುದು ಜಾತ್ರೆಯ ಒಂದು ಅಂಗವೇ ಹೊರತು ಅಪರಾಧವಲ್ಲ. ಟಿಪ್ಪುವಿನ ಆನೆಯ ಕಣ್ಣು ವಾಸಿ ಮಾಡಿ ಹಕೀಂ ನಂಜುಂಡನಾದ ದೇವರ ಊರು ನಮ್ಮದು ಎಂಬುದನ್ನು ಭಾಷಣಗಳಲ್ಲಿ ಹೇಳಿ ಹೇಳಿ ಸವೆಸಿದ್ದೇವೆ, ಇಲ್ಲಿ ಅದನ್ನು ಎಳೆದು ತರುವುದಿಲ್ಲ. ನಾನು ಹೇಳುವುದು ಬರೀ ಬುತ್ತಿಯ ಮಾತು.

ಆ ದಿನ ಕೊನೆಗೆ ನಾವು ಹೊರಗೆ ಹೊಂಗೆಮರದ ಕೆಳಗೆ ಕೂತು, ಹಸಿವಿಲ್ಲದಿದ್ದರೂ, ಬೆಳಗಿನ ಹನ್ನೊಂದಕ್ಕೇ ಅಷ್ಟನ್ನೂ ತಿಂದೆವು. ವಿಭೂತಿಯ ಅಜ್ಜಿಯೂ ಅಲ್ಲೇ ಕೂತರು. ನಮ್ಮ ಡಬ್ಬಿಯ ಕಡೆ ನೋಡಲಿಲ್ಲ, ಆದರೆ ತಮ್ಮ ಹುಚ್ಚೆಳ್ಳು ಚಟ್ನಿಯನ್ನು ನಾನಿಯ ಕಡೆ ಸರಿಸಿದರು. ಅದೂ ಸರಿಯೇ. ತಡೆದ ಹುಡುಗ ಪಾಳಿ ಮುಗಿಸಿ ಅದೇ ಮರದ ಇನ್ನೊಂದು ಬದಿಯಲ್ಲಿ ತನ್ನ ಡಬ್ಬಿ ಬಿಚ್ಚಿದ. ಅವನ ಊಟಕ್ಕೂ ಒಳಗೆ ಪ್ರವೇಶವಿರಲಿಲ್ಲ. ತಿ. ನರಸೀಪುರ ತಾಲ್ಲೂಕಿನವನೇ ಅಂತೆ, ಮೂಗೂರಿನ ಕಡೆಯವನು. ನಾನಿ ಅವನಿಗೆ ಎರಡು ಪರಾಠ ಕೊಟ್ಟರು, ಖೀಮಾ ಬೇಕೋ ಬೇಡವೋ ಎಂದು ಕೇಳಿಯೇ ಕೊಟ್ಟರು.

ನನ್ನ ಸೋದರಳಿಯ ಮಾತ್ರ ತಿನ್ನಲಿಲ್ಲ. ಈಗ ಅವನು ಕಾರ್ಖಾನೆಗೆ ಬಿಟ್ಟು ಬೇರೆಲ್ಲಿಗೆ ಹೋದರೂ ಚೀಲ ಒಯ್ಯುವುದಿಲ್ಲ. ಸಂಗಮಕ್ಕೆ ಈಜಲು ಹೋದರೂ ಅವನ ಟವೆಲು, ನೀರಿನ ಬಾಟಲಿ, ಎಣ್ಣೆಯ ಶೀಶೆ ಎಲ್ಲ ತಂಗಿಯ ಚೀಲದಲ್ಲಿರುತ್ತವೆ.