ಅರಮನೆ ಬಾಗಿಲಲ್ಲಿ ನಿಂತ ವರದಿಗಾರ

ರಾಜರ ಕತೆ ಬರೆಯುವವರೆಲ್ಲ ಹೊಗಳುಭಟ್ಟರು ಅಂತ ಒಂದೇ ಮಾತಲ್ಲಿ ತಳ್ಳಿಹಾಕುವುದು ಸುಲಭ. ಇಂಗ್ಲೆಂಡಿನ ರಾಬರ್ಟ್ ಲೇಸಿಯ ವಿಷಯದಲ್ಲಿ ಹಾಗೆ ಮಾಡಿದರೆ ತಪ್ಪು ನಮ್ಮದೇ ಆಗುತ್ತದೆ. ಈತ ಆಸ್ಥಾನದ ಮನುಷ್ಯನಲ್ಲ, ಪತ್ರಿಕೆಯ ಮನುಷ್ಯ. 'ಸಂಡೇ ಟೈಮ್ಸ್'ನಲ್ಲಿ ದುಡಿಯುತ್ತಲೇ 1971ರಲ್ಲಿ ಎಸೆಕ್ಸಿನ ಅರ್ಲ್ ರಾಬರ್ಟ್‌ನ, 1973ರಲ್ಲಿ ವಾಲ್ಟರ್ ರಾಲಿಯ ಜೀವನಚರಿತ್ರೆ ಬರೆದ. ಇಬ್ಬರೂ ಒಂದನೇ ಎಲಿಜಬೆತ್ ರಾಣಿಯ ಮೆಚ್ಚಿನವರು. ಕೊನೆಗೆ ಇಬ್ಬರ ತಲೆಯನ್ನೂ ಸಿಂಹಾಸನವೇ ಕಡಿಸಿತು. ಅಧಿಕಾರದ ಗುಣ ಏನು ಅನ್ನೋದು ಲೇಸಿಗೆ ಗೊತ್ತಿರಲಿಲ್ಲ ಅಂತ ಹೇಳುವ ಹಾಗೇ ಇಲ್ಲ.

1977ರಲ್ಲಿ, ಎರಡನೇ ಎಲಿಜಬೆತ್ ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷ ತುಂಬಿದಾಗ, ಈತನ 'ಮೆಜೆಸ್ಟಿ' ಬಂತು. ಹೆಸರೂ ಬಂತು, ದುಡ್ಡೂ ಬಂತು. ವರದಿಗಾರನ ಕಸುಬನ್ನೇ ಅರಮನೆಗೆ ಒಯ್ದದ್ದು ಅದರ ಗುಟ್ಟು. ಹತ್ತಿರ ಇದ್ದವರನ್ನು ಮಾತಾಡಿಸು, ಸಣ್ಣ ಸಣ್ಣ ವಿವರ ಹೆಕ್ಕು, ಸಲೀಸಾಗಿ ಹೇಳು. ನಾಣ್ಯದ ಮೇಲಿನ ಮುಖ ಉಸಿರಾಡುವ ಹೆಂಗಸಾಯಿತು.

ನಮ್ಮ ತಕರಾರು ಇರೋದೇ ಇಲ್ಲಿ. ಅಧಿಕಾರಕ್ಕೆ ಮನುಷ್ಯರ ಮುಖ ಬಂದ ಕೂಡಲೇ ಓದುಗ ಅದರ ಲೆಕ್ಕ ಕೇಳೋದನ್ನ ಮರೀತಾನೆ, ಅದರ ಸಂಕಟಕ್ಕೆ ಕಣ್ಣೀರು ಹಾಕ್ತಾನೆ. ಅದೇ 1977ರ ಜೂನಿನಲ್ಲಿ ಲಂಡನ್ನಿನ ಬೀದಿಬೀದಿಗೂ ಉತ್ಸವದ ತೋರಣ. ಅದೇ ಊರಿನ ಗ್ರನ್ವಿಕ್ ಎಂಬ ಫೋಟೋ ತೊಳೆಯುವ ಕಾರ್ಖಾನೆಯ ಮುಂದೆ ಜಯಾಬೆನ್ ದೇಸಾಯಿ ಮತ್ತು ಜೊತೆಯ ಹೆಂಗಸರು ಸಂಘದ ಹಕ್ಕಿಗಾಗಿ ಮುಷ್ಕರ ಹೂಡಿ ನಿಂತಿದ್ದರು. 1976ರಲ್ಲಿ ಶುರುವಾದದ್ದು 1978ರಲ್ಲಿ ಸೋಲಿನಲ್ಲಿ ಮುಗಿಯಿತು. ಅವರಿಗೂ ಮನೆ, ಮಕ್ಕಳು, ಬೇಸರ, ಹಟ ಎಲ್ಲಾ ಇತ್ತಲ್ಲ ಸ್ವಾಮಿ. ಆ ಬೇಸರ ಕೊಂಡು ಓದುವವರು ಎಲ್ಲಿದ್ದರು?

ಲೇಸಿಗೆ ಬೇರೆ ಥರ ಬರೆಯೋಕೆ ಬರಲ್ಲ ಅಂತಲ್ಲ. ಸಂಸಾರ ಸಮೇತ ಸೌದಿ ಅರೇಬಿಯಾದಲ್ಲಿ ನೆಲಸಿ, ಅರಬ್ಬಿ ಕಲಿತು, 1981ರಲ್ಲಿ 'ದಿ ಕಿಂಗ್‌ಡಮ್' ಬರೆದ. ಅಲ್ಲಿನ ಸರಕಾರ ಅದನ್ನು ನಿಷೇಧಿಸಿತು. ಹೊಗಳುಭಟ್ಟನ ಪುಸ್ತಕವನ್ನು ಯಾವ ದೊರೆ ನಿಷೇಧಿಸ್ತಾನೆ?

ಇದಕ್ಕಿಂತ ನಮಗೆ ಹತ್ತಿರವಾದದ್ದು 1999ರಲ್ಲಿ ಡ್ಯಾನಿ ಡ್ಯಾನ್ಜಿಗರ್ ಜೊತೆ ಬರೆದ 'ದಿ ಇಯರ್ 1000'. ಸಾವಿರ ವರ್ಷ ಹಿಂದಿನ ಒಂದು ಪಂಚಾಂಗದ ಚಿತ್ರಗಳನ್ನು ಹಿಡಿದು, ತಿಂಗಳಿಗೊಂದು ಅಧ್ಯಾಯದಂತೆ ಸಾಗುವ ಪುಸ್ತಕ. ಅಲ್ಲಿ ನೇಗಿಲು ಹಿಡಿದವನಿದ್ದಾನೆ, ಕುರಿ ಕಾಯುವವನಿದ್ದಾನೆ, ಜೀತದಾಳು ಇದ್ದಾನೆ. ಜುಲೈ ಅಲ್ಲಿ ಹಸಿವಿನ ತಿಂಗಳು. ಹಳೆ ಕಾಳು ಮುಗಿದಿದೆ, ಹೊಸ ಪೈರು ಕೈಗೆ ಬಂದಿಲ್ಲ. ಆಷಾಢದಲ್ಲಿ ಒಲೆ ಹಚ್ಚದ ಮನೆಗಳನ್ನು ಕಂಡ ನಮಗೆ ಇದಕ್ಕೆ ಟೀಕೆ-ಟಿಪ್ಪಣಿ ಬೇಕಾಗಿಲ್ಲ. ಹಸಿವಿನ ಈ ಅಧ್ಯಾಯದಲ್ಲಿರುವ ಇತಿಹಾಸ ಪಟ್ಟಾಭಿಷೇಕದ ಎಷ್ಟೋ ಪುಟಗಳಲ್ಲಿಲ್ಲ.

ಆದರೂ ಪೇಟೆ ಆತನನ್ನು ಮತ್ತೆ ಅರಮನೆ ಬಾಗಿಲಿಗೇ ಕರೆತಂದಿತು. 2016ರಲ್ಲಿ ಶುರುವಾದ 'ದಿ ಕ್ರೌನ್' ಧಾರಾವಾಹಿಗೆ ಇತಿಹಾಸದ ಸಲಹೆಗಾರನಾದ. 2020ರಲ್ಲಿ, ವಿಲಿಯಂ ಮತ್ತು ಹ್ಯಾರಿ ಎಂಬ ಅಣ್ಣತಮ್ಮಂದಿರ ಜಗಳ 'ಬ್ಯಾಟಲ್ ಆಫ್ ಬ್ರದರ್ಸ್' ಆಯಿತು. ಮನೆಮನೆಯಲ್ಲೂ ಇರೋ ದಾಯಾದಿ ಜಗಳ; ಕಿರೀಟದ ನೆರಳಲ್ಲಿ ನಡೆದರೆ ಮಾತ್ರ ಚರಿತ್ರೆ!

ಬೈಯಬೇಕಾದ್ದು ಲೇಸಿಯೊಬ್ಬನನ್ನೇ ಅಲ್ಲ. ರಾಣಿಯ ಬೇಸರಕ್ಕೆ ಕಾಸು ಕೊಡುವ ಕೈ ಓದುಗರದೇ. ಬಾಗಿಲಲ್ಲಿ ನಿಂತ ಆ ವರದಿಗಾರ ಒಮ್ಮೆ ತಿರುಗಿ ಹೊಲದ ಕಡೆ ನೋಡಿದ, ಚೆನ್ನಾಗಿಯೇ ಕಂಡ. ಅಲ್ಲೇ ನಿಲ್ಲಲಿಲ್ಲ ಅನ್ನೋದಷ್ಟೇ ನಮ್ಮ ಜಗಳ.