ಕಿರುತೆರೆಯಲ್ಲಿ ನಮ್ಮ ಮಾತು, ನಮ್ಮ ದುಡಿಮೆ

ದೂರದರ್ಶನವನ್ನು ‘ಮೂರ್ಖರ ಪೆಟ್ಟಿಗೆ’ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಹಾಗೆ ಕರೆಯುವವರ ಮನೆಯಲ್ಲೂ ಸಂಜೆಯಾದೊಡನೆ ಆ ಪೆಟ್ಟಿಗೆ ಮಾತನಾಡತೊಡಗುತ್ತದೆ. ಬೈಲಹೊಂಗಲದ ಪೇಟೆಯ ಮನೆಗಳಲ್ಲಿ, ಸವದತ್ತಿಯ ಸುತ್ತಲಿನ ಜೋಳದ ಹೊಲಗಳಿಂದ ಮರಳಿದವರ ಪಡಸಾಲೆಗಳಲ್ಲಿ, ರಾಮದುರ್ಗ ಸೀಮೆಯ ನೇಕಾರರ ಮನೆಗಳಲ್ಲಿ ರಾತ್ರಿಯೂಟದ ಹೊತ್ತು ಈಗ ಧಾರಾವಾಹಿಯ ಹೊತ್ತೂ ಹೌದು. ಆದ್ದರಿಂದ ನೋಡಬೇಕೋ ಬೇಡವೋ ಎಂದು ವಾದಿಸುವುದಕ್ಕಿಂತ, ನೋಡುತ್ತಿರುವುದನ್ನು ಹೇಗೆ ತೂಗಬೇಕೆಂದು ಕೇಳಿಕೊಳ್ಳುವುದು ಲೇಸು. ನಮ್ಮ ಮನೆಯಲ್ಲಿ ಈಚಿನ ವರ್ಷಗಳಲ್ಲಿ ನೋಡಿದ ಕೆಲವು ಕಾರ್ಯಕ್ರಮಗಳನ್ನು ಮುಂದಿಟ್ಟುಕೊಂಡು ಆ ಪ್ರಯತ್ನ ಮಾಡಿದ್ದೇನೆ.

ಈ ಪೆಟ್ಟಿಗೆಯ ಶಕ್ತಿಯನ್ನು ಚೆನ್ನಾಗಿ ಅರ್ಥಮಾಡಿಸಿದ್ದು ಒಂದು ಚಲನಚಿತ್ರ. ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 2008ರಲ್ಲಿ ತೆರೆಗೆ ತಂದ ‘ಗುಲಾಬಿ ಟಾಕೀಸ್’ ಚಿತ್ರದಲ್ಲಿ ಕರಾವಳಿಯ ಮೀನುಗಾರರ ಊರಿನ ಸೂಲಗಿತ್ತಿ ಗುಲಾಬಿಯ ಮನೆಗೆ ಬಣ್ಣದ ಟಿ.ವಿ. ಬರುತ್ತದೆ. ಅದುವರೆಗೆ ಅವಳ ಹೊಸ್ತಿಲು ತುಳಿಯದಿದ್ದ ಹೆಂಗಸರು ಅಲ್ಲಿ ಬಂದು ಕೂಡುತ್ತಾರೆ, ನೋಡುತ್ತ ನೋಡುತ್ತ ತಮ್ಮ ಸುಖದುಃಖಗಳನ್ನೂ ಹೇಳಿಕೊಳ್ಳುತ್ತಾರೆ. ತೆರೆಯ ಮೇಲಿನ ಕಥೆ ಎಂಥದೇ ಇರಲಿ, ಎದುರಿಗೆ ಕುಳಿತವರ ನಡುವೆ ಏನು ನಡೆಯುತ್ತದೆ ಎಂಬುದೂ ಮುಖ್ಯವೆಂದು ಆ ಚಿತ್ರ ತೋರಿಸಿತು. ಗುಲಾಬಿಯಾಗಿ ನಟಿಸಿದ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂದಿತು.

ಅದೇ ಉಮಾಶ್ರೀಯವರು 2021ರ ಡಿಸೆಂಬರಿನಲ್ಲಿ ಜೀ ಕನ್ನಡ ವಾಹಿನಿಯ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಮೂಲಕ ನಮ್ಮ ಮನೆಗಳಿಗೆ ಬಂದರು. ಮೂರೂ ಹೆಣ್ಣುಮಕ್ಕಳೇ ಹುಟ್ಟಿದರೆಂದು ಗಂಡ ಕೈಬಿಟ್ಟ ಹೆಂಗಸು ಮೆಸ್ಸು ನಡೆಸಿ ಮಕ್ಕಳನ್ನು ಬೆಳೆಸುವ ಕಥೆಯದು. ನಮ್ಮ ಧಾರಾವಾಹಿಗಳ ಅಡಿಗೆಮನೆಗಳಲ್ಲಿ ಸಾಮಾನ್ಯವಾಗಿ ಯಾರೂ ಬೆವರುವುದಿಲ್ಲ. ಜರತಾರಿ ಸೀರೆ ಉಟ್ಟವರು ಅಲ್ಲಿ ನಿಂತು ಸಂಚು ಹೂಡುತ್ತಾರೆಯೇ ಹೊರತು ರೊಟ್ಟಿ ಬಡಿಯುವುದಿಲ್ಲ. ಪುಟ್ಟಕ್ಕನ ಮನೆಯಲ್ಲಿ ಅಡಿಗೆಯೆಂದರೆ ದುಡಿಮೆ. ಆ ದುಡಿಮೆಯಿಂದಲೇ ಸಂಸಾರ ನಡೆಯುತ್ತದೆ, ಅದರಿಂದಲೇ ಮರ್ಯಾದೆಯೂ ಬರುತ್ತದೆ. ಕಥೆ ಮುಂದೆ ಹಿಗ್ಗಿದಂತೆಲ್ಲ ಸಂಚು ಅಪಹರಣಗಳ ಹಳೆಯ ದಾರಿಯನ್ನೇ ಹಿಡಿಯಿತು; ಅದು ಬೇರೆ ಮಾತು. ಮೊದಲ ತಿಂಗಳುಗಳಲ್ಲಿ ನಮ್ಮ ಓಣಿಯ ಖಾನಾವಳಿಯ ತಾಯಂದಿರು ತಮ್ಮನ್ನೇ ತೆರೆಯ ಮೇಲೆ ಕಂಡರು.

ಕಲರ್ಸ್ ಕನ್ನಡದಲ್ಲಿ 2022ರಲ್ಲಿ ಆರಂಭವಾದ ‘ಭಾಗ್ಯಲಕ್ಷ್ಮೀ’ಯನ್ನೂ ಇಲ್ಲಿ ನೆನೆಯಬೇಕು. ಓದು ಅರ್ಧಕ್ಕೆ ನಿಂತ ಗೃಹಿಣಿ, ಅವಳನ್ನು ಹೀಗಳೆಯುವ ಗಂಡ. ಇಷ್ಟು ಹಳೆಯ ಕಥೆಯೇ. ಆದರೆ ಆ ಗೃಹಿಣಿ ತನ್ನ ಮಗಳ ಜೊತೆಯಲ್ಲೇ ಹತ್ತನೆಯ ತರಗತಿಗೆ ಓದಲು ಕೂಡುತ್ತಾಳೆ. ಅವಳ ಬೆನ್ನಿಗೆ ನಿಲ್ಲುವವಳು ಅತ್ತೆ. ಅತ್ತೆ ಸೊಸೆಯರನ್ನು ಶತ್ರುಗಳನ್ನಾಗಿ ಮಾಡದೆ ಕಥೆ ನಡೆಯುವುದೇ ಇಲ್ಲವೆಂಬ ನಂಬಿಕೆಯನ್ನು ಇದು ಮುರಿಯಿತು. ನಮ್ಮ ಕಡೆಯ ಹಳ್ಳಿಗಳಲ್ಲಿ ಏಳನೆಯ ಇಯತ್ತೆಗೇ ಶಾಲೆ ಬಿಡಿಸಿಕೊಂಡು ಮದುವೆಯಾದ ತಾಯಂದಿರು ಎಷ್ಟೋ ಜನರಿದ್ದಾರೆ. ಅಂಥವರಿಗೆ ಈ ಒಂದು ಪ್ರಸಂಗ ನೂರು ಭಾಷಣಗಳಿಗಿಂತ ಮೇಲು.

ಇನ್ನು ಮಾತಿನ ವಿಚಾರ. ಹೆಚ್ಚಿನ ನೋವಿರುವುದು ಇಲ್ಲಿಯೇ. ಧಾರಾವಾಹಿಯೊಂದರಲ್ಲಿ ನಮ್ಮ ಸೀಮೆಯ ಮಾತಾಡುವವನು ಬಂದನೆಂದರೆ ಅವನು ಒಂದೋ ಮನೆಗೆಲಸದವನು, ಇಲ್ಲವೇ ರೌಡಿ, ಇಲ್ಲವೇ ನಗಿಸುವವನು. ಮೈಸೂರು ಕಡೆಯ ವಾಕ್ಯದ ತುದಿಗೆ ಒಂದು ‘ರೀ’, ಒಂದು ‘ಐತಿ’ ಅಂಟಿಸಿದರೆ ಉತ್ತರ ಕರ್ನಾಟಕದ ಕನ್ನಡ ಆಗಿಬಿಡುತ್ತದೆಂದು ಬರೆಯುವವರು ತಿಳಿದಂತಿದೆ. ನಮ್ಮಲ್ಲಿ ತಾಯಿಗೂ ‘ಯವ್ವಾ’, ಮಗಳಿಗೂ ‘ಯವ್ವಾ’; ಹಸಿದು ಬಂದ ನೆರೆಮನೆಯ ಕೂಸನ್ನೂ ‘ಯವ್ವಾ, ಉಣ್ಣಾಕ ಬಾ’ ಎಂದೇ ಕರೆಯುತ್ತೇವೆ. ಈ ಅಂತಃಕರಣ ಯಾವ ಧಾರಾವಾಹಿಯಲ್ಲೂ ನನ್ನ ಕಿವಿಗೆ ಬಿದ್ದಿಲ್ಲ. ಬೈಗುಳ ಮಾತ್ರ ಚೊಕ್ಕವಾಗಿ ಬೀಳುತ್ತದೆ.

ಇದರ ಪರಿಣಾಮ ಸಣ್ಣದಲ್ಲ. ಬಂಧುಗಳ ಮನೆಯಲ್ಲಿ, ಹಾಸ್ಟೆಲ್ಲಿನಿಂದ ರಜೆಗೆ ಬಂದ ಹುಡುಗಿಯೊಬ್ಬಳು ಅಜ್ಜಿಗೆ ಹೇಳಿದ ಮಾತನ್ನು ನಾನೇ ಕೇಳಿದ್ದೇನೆ: “ಆಯೀ, ಮಂದಿ ಮುಂದ ಹಂಗ ಮಾತಾಡಬ್ಯಾಡ, ಟಿ.ವಿ. ಒಳಗಿನ ಕೆಲಸದಾಕಿ ಮಾತಾಡಿದಂಗ ಆಗತೈತಿ.” ಅಜ್ಜಿ ನಕ್ಕರು. ಆದರೆ ಆ ಸಂಜೆ ಬೀಗರು ಬಂದಾಗ ಅವರು ಹೆಚ್ಚು ಮಾತನಾಡಲಿಲ್ಲ. ಮನೆಗೆಲಸ ಮಾಡುವವಳ ಮಾತು ಕೀಳೆಂಬುದು ಒಂದು ತಪ್ಪು. ತನ್ನ ಅಜ್ಜಿಯ ಮಾತೇ ಕೀಳೆಂಬುದು ಇನ್ನೊಂದು. ಒಂದೇ ತೆರೆ ಎರಡನ್ನೂ ಮಗುವಿಗೆ ಕಲಿಸಿತ್ತು.

ಇದಕ್ಕೆ ಹೊರತಾದ ಉದಾಹರಣೆಗಳೂ ಇವೆ. 2016ರಲ್ಲಿ ಶುರುವಾದ ‘ಕಾಮಿಡಿ ಕಿಲಾಡಿಗಳು’ ಕಾರ್ಯಕ್ರಮ ಹಳ್ಳಿಯ ರಂಗಭೂಮಿಯ ಹುಡುಗರಿಗೆ ವೇದಿಕೆಯಾಯಿತು. ನಮ್ಮ ಬೆಳಗಾವಿ ಜಿಲ್ಲೆಯ ಸಂಜು ಬಸಯ್ಯ ಅವರನ್ನು ನಾಡು ಗುರುತಿಸಿದ್ದು ಅಲ್ಲಿಯೇ. ಹಾವೇರಿ ಜಿಲ್ಲೆಯ ತಾಂಡಾದಿಂದ ಬಂದ, ಕುರಿ ಕಾಯುತ್ತ ಹಾಡು ಕಲಿತ ಹನುಮಂತ ಲಮಾಣಿ 2019ರಲ್ಲಿ ‘ಸರಿಗಮಪ’ದಲ್ಲಿ ಎರಡನೆಯ ಸ್ಥಾನ ಪಡೆದರು, 2025ರ ಜನವರಿಯಲ್ಲಿ ‘ಬಿಗ್ ಬಾಸ್ ಕನ್ನಡ’ದ ಹನ್ನೊಂದನೆಯ ಆವೃತ್ತಿಯನ್ನು ಗೆದ್ದರು. ಹತ್ತಾರು ಜನರನ್ನು ಒಂದು ಮನೆಯಲ್ಲಿ ಕೂಡಿಹಾಕಿ, ಅವರ ಜಗಳವನ್ನು ಕತ್ತರಿಸಿ ಜೋಡಿಸಿ ಬಡಿಸುವ ಆ ಕಾರ್ಯಕ್ರಮ ನನಗೆ ಇಂದಿಗೂ ರುಚಿಸುವುದಿಲ್ಲ. ಆದರೂ ಲುಂಗಿ ಉಟ್ಟು, ತನ್ನ ಊರಿನ ಮಾತನ್ನೇ ಆಡುತ್ತ, ದನಿ ಏರಿಸದೆ ಗೆದ್ದ ಆ ಯುವಕನನ್ನು ನಮ್ಮ ಮನೆಯ ಮಕ್ಕಳು ಮೆಚ್ಚಿದ್ದು ನನಗೆ ಸಮಾಧಾನ ತಂದಿತು. ಅಲ್ಲಿ ಅವರ ಮಾತು ಬರೆದುಕೊಟ್ಟ ಮಾತಾಗಿರಲಿಲ್ಲ.

2025ರ ಜುಲೈ 14ರಂದು ಬಿ. ಸರೋಜಾದೇವಿಯವರು ತೀರಿಕೊಂಡ ದಿನಗಳಲ್ಲಿ, ಬಿ.ಆರ್. ಪಂತುಲು ಅವರ 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನು ಮನೆಯವರೆಲ್ಲ ಕುಳಿತು ಮತ್ತೊಮ್ಮೆ ನೋಡಿದೆವು. ಅದರ ಚೆನ್ನಮ್ಮ ಗ್ರಾಂಥಿಕ ಕನ್ನಡವನ್ನಾಡುತ್ತಾಳೆ. ಅದು ಆ ಕಾಲದ ಐತಿಹಾಸಿಕ ಚಿತ್ರಗಳ ರೂಢಿ. ಅದಕ್ಕಾಗಿ ಯಾರನ್ನೂ ದೂರಬೇಕಿಲ್ಲ. ಆದರೆ ನಿಜವಾದ ಚೆನ್ನಮ್ಮ ಕಾಕತಿಯಲ್ಲಿ ಹುಟ್ಟಿ, ಕಿತ್ತೂರನ್ನಾಳಿ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣುಮುಚ್ಚಿದವರು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆಯ ಸೈನ್ಯದೆದುರು ಕಿತ್ತೂರಿನವರು ಆಡಿದ ಮಾತು ಈ ಸೀಮೆಯ ಮಾತೇ ಆಗಿರಬೇಕಲ್ಲವೇ? ರಾಣಿಯ ಸೀಮೆಯ ಮಾತನ್ನು ಇಂದಿನ ಧಾರಾವಾಹಿಗಳು ಆಳುಗಳಿಗೂ ವಿದೂಷಕರಿಗೂ ಮಾತ್ರ ಕೊಡುತ್ತವೆಯೆಂಬುದನ್ನು ಅಂದು ನಮ್ಮ ಮಕ್ಕಳಿಗೆ ವಿವರಿಸಿ ಹೇಳಿದೆ. ಅವರು ಕ್ಷಣಹೊತ್ತು ಸುಮ್ಮನಾದರು.

ವಾಹಿನಿಗಳವರು ಇದಕ್ಕೆ ಕೊಡುವ ಉತ್ತರ ಒಂದೇ: ಜನ ನೋಡುತ್ತಾರೆ, ನಾವು ತೋರಿಸುತ್ತೇವೆ. ಆಯ್ದ ಮನೆಗಳಲ್ಲಿ ಅಳವಡಿಸಿದ ಮೀಟರುಗಳಿಂದ ಬಾರ್ಕ್ ಸಂಸ್ಥೆ ವಾರವಾರವೂ ವೀಕ್ಷಕರ ಲೆಕ್ಕ ತೆಗೆಯುತ್ತದೆ. ಜಾಹೀರಾತಿನ ದರ ಆ ಲೆಕ್ಕವನ್ನು ಅನುಸರಿಸುತ್ತದೆ. ವಾರಕ್ಕೆ ಐದಾರು ಕಂತು ತುಂಬಿಸಬೇಕಾದಾಗ ಒಂದು ಕೆನ್ನೆಯೇಟನ್ನು ಮೂರು ಮೂಲೆಗಳಿಂದ ಮೂರು ಸಲ ತೋರಿಸುವುದೂ ಅನಿವಾರ್ಯವಾಗುತ್ತದೆ. ಆದರೆ ಆ ಮೀಟರು ತೆರೆ ಹತ್ತಿದ್ದನ್ನು ಅಳೆಯುತ್ತದೆ, ನೋಡಿದವರ ಮನಸ್ಸಿನಲ್ಲಿ ಉಳಿದದ್ದನ್ನು ಅಳೆಯುವುದಿಲ್ಲ.

ಜನ ಒಳ್ಳೆಯದನ್ನೂ ನೋಡುತ್ತಾರೆ ಎಂಬುದಕ್ಕೆ 2020ರಲ್ಲಿ ಹಿಂದಿಯಿಂದ ಕನ್ನಡಕ್ಕೆ ಡಬ್ ಆಗಿ ಬಂದ ‘ಮಹಾನಾಯಕ’ ಸಾಕ್ಷಿ. ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ಸಾಲದಿದ್ದರೂ, ಶಾಲೆಯಲ್ಲಿ ಗೋಣಿಚೀಲದ ಮೇಲೆ ಬೇರೆಯಾಗಿ ಕುಳಿತ ಬಾಲಕ ಅಂಬೇಡ್ಕರರ ಕಥೆಗಾಗಿ ಜನ ಕಾದು ಕುಳಿತರು; ಅನೇಕ ಊರುಗಳಲ್ಲಿ ತಾವಾಗಿಯೇ ಫಲಕಗಳನ್ನು ನಿಲ್ಲಿಸಿ ಸ್ವಾಗತಿಸಿದರು. ಚಂದನ ವಾಹಿನಿಯಲ್ಲಿ 2002ರ ಜನವರಿಯಲ್ಲಿ ಆರಂಭವಾದ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಬಹುಮಾನವಾಗಿ ಪುಸ್ತಕಗಳನ್ನೇ ಕೊಡುತ್ತ ಮೂರು ಸಾವಿರಕ್ಕೂ ಹೆಚ್ಚು ಕಂತುಗಳನ್ನು ದಾಟಿತು.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಕಾರ್ಯಕ್ರಮ ಮುಗಿದ ಮೇಲೆ ದನಿ ತಗ್ಗಿಸಿ, ಮಕ್ಕಳೊಡನೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇಲ್ಲಿ ದುಡಿಯುವವರಿಗೆ ಮರ್ಯಾದೆ ಇತ್ತೇ? ನಾವು ನಕ್ಕದ್ದು ಯಾರನ್ನು ನೋಡಿ? ನಮ್ಮ ಅಜ್ಜಿಯಂತೆ ಮಾತಾಡುವವರು ಈ ಕಥೆಯಲ್ಲಿ ಎಲ್ಲಿ ಕುಳಿತಿದ್ದರು? ಉತ್ತರ ಸರಿಯಿಲ್ಲವೆನಿಸಿದರೆ ವಾಹಿನಿಗೆ ನಾಲ್ಕು ಸಾಲು ಬರೆದು ತಿಳಿಸೋಣ. ಅದಕ್ಕೂ ಮೊದಲು, ಬೀಗರು ಬಂದಾಗ ಅಜ್ಜಿಯನ್ನು ಪಡಸಾಲೆಗೆ ಕರೆದು ಕೂಡಿಸಿ ಅವರ ಮಾತನ್ನು ಕೇಳೋಣ.