ಮಹಡಿಗೊಂದು ಟೆಲಿಸ್ಕೋಪ್, ಬಯಲಿಗೊಂದು

ಆಕಾಶದ ಹುಚ್ಚು ಹೊಸದಾಗಿ ಹತ್ತಿದವರು ಮೊದಲು ಕೇಳುವುದು, "ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತೆ?" ಎಂದು. ನೀವು ಮಸೂರದ ಅಥವಾ ಕನ್ನಡಿಯ ವ್ಯಾಸ ಕೇಳಿ. 80 ಮಿ.ಮೀ. ಮಸೂರಕ್ಕಿಂತ 200 ಮಿ.ಮೀ. ಕನ್ನಡಿ ಆರು ಪಟ್ಟಿಗೂ ಹೆಚ್ಚು ಬೆಳಕು ಹಿಡಿಯುತ್ತದೆ. ಪುಟ್ಟ ಟೆಲಿಸ್ಕೋಪಿನ ಪೆಟ್ಟಿಗೆಯ ಮೇಲೆ 500 ಪಟ್ಟು ಎಂದು ಅಚ್ಚಾಗಿದ್ದರೆ ಅದು ಅಂಗಡಿಯಲ್ಲೇ ಇರಲಿ.

ಹಾಗೆಂದು ಕಣ್ಣುಮುಚ್ಚಿ ದೊಡ್ಡದನ್ನು ಕೊಳ್ಳಬೇಡಿ. ಎಂಟು ಇಂಚಿನ, ಅಂದರೆ 200 ಮಿ.ಮೀ. ಡಾಬ್ಸೋನಿಯನ್ ಮಾದರಿಯ ಕನ್ನಡಿ ಟೆಲಿಸ್ಕೋಪಿನ ಕೊಳವೆ ಸುಮಾರು ನಾಲ್ಕಡಿ ಉದ್ದ. ಪೀಠ ಸೇರಿದರೆ ತೂಕ 20 ಕಿಲೋ ದಾಟುವುದೇ ಹೆಚ್ಚು. ಅದನ್ನು ಮೆಟ್ಟಿಲಿಳಿಸಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಊರಾಚೆ ಒಯ್ದು, ಕನ್ನಡಿ ಹೊರಗಿನ ತಂಪಿಗೆ ಹೊಂದಿಕೊಳ್ಳುವ ತನಕ ಅರ್ಧ ಗಂಟೆ ಕಾಯಬೇಕು. 80 ಮಿ.ಮೀ.ನದು ಬ್ಯಾಗಿನಲ್ಲಿ ಕೂತು ಬಸ್ಸು ಹತ್ತುತ್ತದೆ.

ನಗರಕ್ಕೆ ಸಣ್ಣದು ಸಾಕು, ದೊಡ್ಡದು ಹಳ್ಳಿಗಿರಲಿ ಎನ್ನುವವರಿದ್ದಾರೆ. ತಾರಸಿ ಇರುವವರಿಗೆ ನಾನು ಹೇಳುವುದು ತಿರುಗಾಮುರುಗಾ. ಚಂದ್ರ, ಗುರು, ಶನಿಗೆ ಬೆಂಗಳೂರಿನ ಬೀದಿದೀಪಗಳು ಅಡ್ಡಿಯಲ್ಲ. ಅಲ್ಲಿ ಬೇಕಾದದ್ದು ಸೂಕ್ಷ್ಮ ವಿವರ. ಅದನ್ನು ಕೊಡುವುದು ವ್ಯಾಸ. 80 ಮಿ.ಮೀ.ನಲ್ಲಿ ಗುರುವಿನ ಎರಡು ಪಟ್ಟೆ, ನಾಲ್ಕು ಉಪಗ್ರಹ ಕಂಡರೆ, ಎಂಟು ಇಂಚಿನಲ್ಲಿ, ಗಾಳಿ ನಿಶ್ಚಲವಾಗಿದ್ದರೆ, ಪಟ್ಟೆಗಳ ಅಂಚು ಕೆದರಿರುವುದೂ ಕಾಣುತ್ತದೆ. ಆಂಡ್ರೊಮಿಡಾ ಗೆಲಾಕ್ಸಿಯ ಕಥೆ ಬೇರೆ. ಅದರ ಹರವು ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು, ಬೆಳಕು ತೀರಾ ಮಂದ. ಕತ್ತಲ ಬಯಲಿನಲ್ಲಿ ಸಣ್ಣ ಟೆಲಿಸ್ಕೋಪ್ ತೋರಿಸುವಷ್ಟನ್ನು ನಗರದ ದೊಡ್ಡದು ತೋರಿಸದು.

ಎರಡೂ ಕತ್ತಲಲ್ಲೇ ಜೊತೆಗೂಡಿದರೆ ಒಮೆಗಾ ಸೆಂಟಾರಿ ನೋಡಿ. ಯುರೋಪಿನ ಬಹುಭಾಗಕ್ಕೆ ಉದಯಿಸದ ಈ ತಾರಾಗುಚ್ಛ ನಮಗೆ ಮೇ ತಿಂಗಳಲ್ಲಿ ರಾತ್ರಿ ಹತ್ತರ ಹೊತ್ತಿಗೆ ದಕ್ಷಿಣದಲ್ಲಿ ಸುಮಾರು 30 ಡಿಗ್ರಿ ಎತ್ತರಕ್ಕೆ ಬರುತ್ತದೆ. ಸಣ್ಣದರಲ್ಲಿ ಹಿಂಜಿದ ಹತ್ತಿಯುಂಡೆ. ನೇರ ದಿಟ್ಟಿಸದೆ ನೋಟವನ್ನು ತುಸು ಪಕ್ಕಕ್ಕೆ ಸರಿಸಿದರೆ ಅದರ ಅಂಚು ಇನ್ನಷ್ಟು ಹರಡುತ್ತದೆ. ದೊಡ್ಡದರಲ್ಲಿ ಆ ಮಸುಕು ಒಡೆದು ನೂರಾರು ನಕ್ಷತ್ರಗಳಾಗುತ್ತದೆ. ಈ ವ್ಯತ್ಯಾಸ ಯಾವ ಕೋಷ್ಟಕದಲ್ಲೂ ಸಿಗದು.

ಅದಕ್ಕೇ, ದುಡ್ಡು ಕೊಡುವ ಮುನ್ನ ಬೆಂಗಳೂರು ಅಸ್ಟ್ರಾನಾಮಿಕಲ್ ಸೊಸೈಟಿಯಂಥ ಹವ್ಯಾಸಿ ಬಳಗದೊಂದಿಗೆ ಒಂದು ರಾತ್ರಿ ಕಳೆಯಿರಿ. ಎರಡರಲ್ಲೂ ನೋಡಿ; ಬೆಳಗಿನ ಜಾವ ದೊಡ್ಡದನ್ನು ಬಿಚ್ಚಿ ಕಾರಿಗೇರಿಸಲು ನೀವೂ ಕೈಜೋಡಿಸಿ. ಕೊಂಡ ಮೇಲೆ, ಮಲೆನಾಡಿನವರಾದರೆ ಜೂನ್ ಬರುವ ಮುನ್ನವೇ ಮಸೂರಗಳ ಜೊತೆ ಸಿಲಿಕಾ ಜೆಲ್ ಇಟ್ಟು ಡಬ್ಬಿ ಮುಚ್ಚಿ. ಗಾಜಿಗೆ ಹಿಡಿದ ಬೂಷ್ಟು ಸುಲಭಕ್ಕೆ ಬಿಡುವುದಿಲ್ಲ.